ಟೀಚರ್ ಹೇಳದ ಒಂದು ಮಾತು

ಟೀಚರ್‌ಗೆ ಚೌಕಾಸಿ ಮಾಡಲು ಬರುತ್ತಿರಲಿಲ್ಲ. ಅವರಲ್ಲಿ ನನಗೆ ಮೊದಲು ಕಂಡ ಕೊರತೆ ಅದು.

ಬಹರೈನಿನ ಉಮ್ ಅಲ್ ಹಸ್ಸಮ್‌ನಲ್ಲಿ ನನ್ನದೊಂದು ಹೊಲಿಗೆ ಅಂಗಡಿ. ಒಂದು ಬದಿಗೆ ಕೋಲ್ಡ್ ಸ್ಟೋರ್ ಎಂದು ಇಲ್ಲಿ ಕರೆಯುವ ಕಿರಾಣಿ ಅಂಗಡಿ, ಇನ್ನೊಂದು ಬದಿಗೆ ಸಲೂನ್, ಮೇಲೆ ಬಾಡಿಗೆ ಮನೆಗಳು. ಮೇಲಿನ ಮನೆಗೆ ಹೊಸದಾಗಿ ಬಂದ ಬಿಳಿ ಹೆಂಗಸೊಬ್ಬರು ಒಂದು ಮಧ್ಯಾಹ್ನ ಎರಡು ಪ್ಯಾಂಟು ಹಿಡಿದುಕೊಂಡು ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು. ಸೊಂಟ ಸಡಿಲವಾಗಿದೆ, ಹಿಡಿಸಿ ಕೊಡಬೇಕು ಎಂದರು. ನಾನು ಬಿಳಿಯರಿಗೆ ಹೇಳುವ ದರ ಹೇಳಿದೆ, ಅಂದರೆ ಇಳಿಸಲು ಜಾಗ ಇಟ್ಟುಕೊಂಡ ದರ. ಅವರು ತಲೆಯಾಡಿಸಿ ಕೊಟ್ಟೇಬಿಟ್ಟರು. ನನಗೆ ಸಿಟ್ಟು ಬಂತು.

"ಮೇಡಂ, ಹೀಗೆ ಕೊಟ್ಟರೆ ಈ ಊರಲ್ಲಿ ಬದುಕುವುದು ಹೇಗೆ? ಜಾಸ್ತಿ ಆಯಿತು ಅನ್ನಬೇಕು. ಪ್ಯಾಂಟು ಎತ್ತಿಕೊಂಡು ಬಾಗಿಲ ತನಕ ಹೋಗಬೇಕು. ನಾನು ಕರೆಯುತ್ತೇನೆ. ಆಗ ತಿರುಗಬೇಕು."

"ನೀನು ಕರೆಯದಿದ್ದರೆ?"

"ಕರೆಯದೆ ಏನು ಮಾಡಲಿ? ಹೊಟ್ಟೆ ನನಗೂ ಇದೆಯಲ್ಲ."

ಅವರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಸುಮಾರು ಹೊತ್ತು ಹಿಡಿಯಿತು. ನಾನು ಸ್ಟೂಲು ಕೊಟ್ಟು, ಕೋಲ್ಡ್ ಸ್ಟೋರಿನಿಂದ ನೀರು ತರಿಸಿದೆ. ನಮ್ಮ ಸ್ನೇಹ ಶುರುವಾದದ್ದು ಹೀಗೆ. ಮಾತು ಇಂಗ್ಲಿಷಿನಲ್ಲಿ, ಅವರದು ಪುಸ್ತಕದ ಇಂಗ್ಲಿಷ್, ನನ್ನದು ಗಿರಾಕಿಗಳಿಂದ ಕಲಿತದ್ದು. ಇಲ್ಲಿ ಎಲ್ಲವನ್ನೂ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹತ್ತನೇ ತರಗತಿಯ ತನಕ ಕಲಿತದ್ದು ಈ ಭಾಷೆಯಲ್ಲಿ. ದುಃಖದ ವಿಷಯವನ್ನು ಅಂಗಡಿಯ ಭಾಷೆಯಲ್ಲಿ ಬರೆಯಲು ನನ್ನಿಂದಾಗದು.

ಅವರು ಕ್ರೊಯೇಷಿಯಾದವರು. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು, ಹೆಂಗಸರ ಬಗ್ಗೆ ಪುಸ್ತಕ ಬರೆದವರು. ನಿವೃತ್ತಿಯಾದ ಮೇಲೆ ಇಲ್ಲಿಯ ಹೋಟೆಲೊಂದರಲ್ಲಿ ಮ್ಯಾನೇಜರ್ ಆಗಿರುವ ತಮ್ಮನ ಮಗಳ ಜೊತೆ ಇರಲು ಬಂದಿದ್ದರು. ಅವರ ಊರಿನ ಚಳಿ ಎದೆಗೆ ಆಗುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರಂತೆ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆದೆವು. ಅವರ ಹೆಸರು ನಮ್ಮ ಬಾಯಿಗೆ ಬಗ್ಗುತ್ತಿರಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲು ಬೇಕು. ನನ್ನ ತಾಯಿ ಮಲ್ಪೆಯ ಕಡೆ ಮನೆಮನೆಗೆ ಮೀನು ಮಾರಿದವಳು. ಬುಟ್ಟಿ ಇಳಿಸುವ ಮೊದಲೇ ಆ ಮನೆಯವರ ಮುಖ ನೋಡಿ ದರ ಕಟ್ಟುತ್ತಿದ್ದಳು. ನಾನು ಬಹರೈನಿಗೆ ಮನೆಗೆಲಸದ ವೀಸಾದಲ್ಲಿ ಬಂದೆ. ಆಮೇಲೆ ಇಲ್ಲಿಯ ಹೆಂಗಸರ ಕಪ್ಪು ನಿಲುವಂಗಿ, ಅಬಾಯಾ, ಹೊಲಿಯುವ ಅಂಗಡಿಯಲ್ಲಿ ಗುಂಡಿ ಹಾಕುವ ಕೆಲಸ, ಆಮೇಲೆ ಕಟಿಂಗ್, ಆಮೇಲೆ ಸ್ವಂತ ಅಂಗಡಿ. ಯಾರೂ ಕೈಹಿಡಿದು ಮೇಲೆತ್ತಲಿಲ್ಲ. ಗಂಡ ಊರಲ್ಲಿ ಬೇರೆ ಸಂಸಾರ ಮಾಡಿಕೊಂಡ. ಇಷ್ಟೆಲ್ಲ ದಾಟಿ ಬಂದದ್ದು ನಾಲಗೆಯ ಬಲದಿಂದ. ಹಾಗಾಗಿ ನಮ್ಮ ಕರಾವಳಿಯವರಲ್ಲಿ ಎಲ್ಲಿ ಜಗಳವಾದರೂ ರಾಜಿಗೆ ನನ್ನನ್ನು ಕರೆಯುತ್ತಾರೆ. ಅತ್ತೆ-ಸೊಸೆ, ಪಾಲುದಾರರು, ಒಂದೇ ರೂಮಿನಲ್ಲಿದ್ದು ಮಾತು ಬಿಟ್ಟವರು, ಎಲ್ಲವೂ ನನ್ನ ಹತ್ತಿರ ಬರುತ್ತದೆ.

ರಾಜಿ ಮಾಡಿಸಲು ನಮ್ಮಲ್ಲಿ ಒಂದು ಕ್ರಮ ಇದೆ. ಮದುವೆ ದಲ್ಲಾಳಿಗಳಿಗೆ ಚೆನ್ನಾಗಿ ಗೊತ್ತು. ಈಚೆಯವರಿಗೆ ಹೋಗಿ, "ಅವರು ಬಗ್ಗಿದ್ದಾರೆ, ಪಾಪ, ತಪ್ಪಾಯಿತು ಅಂದರು" ಎನ್ನುವುದು. ಆಚೆಯವರಿಗೂ ಅದನ್ನೇ ಹೇಳುವುದು. ಇಬ್ಬರೂ ದೊಡ್ಡ ಮನಸ್ಸು ಮಾಡಿ ಬಂದು ಕೂರುತ್ತಾರೆ. ಚಹಾ ಬರುತ್ತದೆ, ಚಕ್ಕುಲಿ ಬರುತ್ತದೆ, ಮಕ್ಕಳ ಪರೀಕ್ಷೆ, ಮೀನಿನ ರೇಟು ಮಾತಾಡುತ್ತಾರೆ. "ನೀನು ನಿಜವಾಗಿ ಹಾಗೆ ಹೇಳಿದ್ದೆಯಾ?" ಎಂದು ಎದುರೆದುರು ಕೇಳುವ ಮರ್ಯಾದೆಗೇಡಿ ನಮ್ಮಲ್ಲಿ ಹುಟ್ಟಿಲ್ಲ. ಚಹಾದ ಲೋಟ ಕೆಳಗಿಟ್ಟರೆ ಕೆಲಸ ಖಲಾಸ್. ಈ ದಾರಿಯಲ್ಲಿ ನಾನು ಎಷ್ಟು ಮನೆ ಉಳಿಸಿದ್ದೇನೆ ಎಂದು ಕೇಳಿದರೆ ಹೇಳುವವರು ಗುಫೂಲ್‌ನಿಂದ ಅಸ್ಕರ್ ತನಕ ಸಿಗುತ್ತಾರೆ.

ಟೀಚರ್ ಬಂದು ಕೆಲವು ತಿಂಗಳಾದ ಮೇಲೆ, ಶುಕ್ರವಾರ ರಜೆಯ ದಿನ ಹೆಂಗಸರು ತಮ್ಮ ಮನೆಗೆ ಬಂದು ಕೂರಬಹುದು ಎಂದರು. "ಏನಕ್ಕೆ?" ಎಂದೆ. "ಮಾತಾಡಲಿಕ್ಕೆ." ಸರಿ, ಮಾತಾಡಲು ನಮ್ಮವರನ್ನು ಕರೆಯಬೇಕೇ? ಮೊದಲ ಶುಕ್ರವಾರ ಅಸ್ಕರ್‌ನಿಂದ ಒಬ್ಬಳು ಬ್ಯಾರಿ ಹೆಂಗಸು ಕೋರಿ ರೊಟ್ಟಿಯ ಡಬ್ಬ ಹೊತ್ತುಕೊಂಡು ಬಂದಳು. ಅವಳ ಗಂಡ ಅಲ್ಯುಮಿನಿಯಂ ಕಾರ್ಖಾನೆಯ ಬಸ್ಸು ಓಡಿಸುತ್ತಾನೆ. ಮನೆಗೆಲಸ ಮಾಡುವ ಉಡುಪಿ ಕಡೆಯ ಕಥೊಲಿಕ ಹೆಂಗಸೊಬ್ಬಳು ಚರ್ಚಿನಿಂದ ನೇರ ಬಂದಳು, ಇಲ್ಲಿ ಚರ್ಚಿನ ಪೂಜೆಯೂ ರಜೆಯ ಶುಕ್ರವಾರವೇ. ಇನ್ನೂ ಕೆಲವರು ಬಂದರು. ಎಲ್ಲರೂ ಸುತ್ತ ಕೂತೆವು. ಟೀಚರ್ ಸುಮ್ಮನೆ ಕೂತರು. ಕೂತೇ ಇದ್ದರು.

"ಅಕ್ಕ, ಇದೆಂತ ಯಾರೂ ಮಾತಾಡುದಿಲ್ಲ? ಯಾರಾದ್ರೂ ತೀರಿಕೊಂಡಿದ್ದಾರಾ?" ಎಂದು ಅಸ್ಕರ್‌ನವಳು ನನ್ನ ಕಿವಿಯಲ್ಲಿ ಕೇಳಿದಳು.

ಕಥೊಲಿಕ ಹೆಂಗಸು ಚೀಲದಿಂದ ಜಪಸರ ತೆಗೆದಿದ್ದಳು. "ಪ್ರಾರ್ಥನೆ ಅಲ್ವಾ? ನಾನು ಶುರು ಮಾಡುದಾ?"

"ಇಡು ಮಾರಾಯ್ತಿ ಒಳಗೆ" ಎಂದೆ ನಾನು. "ಇದು ಬೇರೆಯೇ ಕತೆ."

ಟೀಚರ್ ಕ್ರಮ ಹೇಳಿದರು. ಒಬ್ಬಳು ಮಾತಾಡುವಾಗ ಉಳಿದವರು ಬಾಯಿ ಬಿಡುವಂತಿಲ್ಲ. ಅವಳು ತಾನಾಗಿ ನಿಲ್ಲಿಸುವ ತನಕ ಕೇಳಬೇಕು. ಕೇಳಿದ ಮೇಲೂ ಬುದ್ಧಿವಾದ ಹೇಳುವಂತಿಲ್ಲ. "ನಿನಗೆ ಏನು ಬೇಕು?" ಎಂದು ಒಂದು ಪ್ರಶ್ನೆ ಮಾತ್ರ ಕೇಳಬಹುದು. ಕ್ರೊಯೇಷಿಯಾದಲ್ಲಿ, ತೊಂಬತ್ತರ ದಶಕದ ಯುದ್ಧದ ವರ್ಷಗಳಲ್ಲಿ, ಟೀಚರ್ ಮತ್ತು ಅವರ ಗೆಳತಿಯರು ಒಂದು ನೆಲಮಾಳಿಗೆಯಲ್ಲಿ ಫೋನ್ ಇಟ್ಟುಕೊಂಡು ಕೂರುತ್ತಿದ್ದರಂತೆ. ಹೊಡೆತ ತಿಂದ ಹೆಂಗಸರು, ಮನೆ ಬಿಟ್ಟು ಓಡಿದವರು ಆ ನಂಬರಿಗೆ ಕರೆ ಮಾಡುತ್ತಿದ್ದರು. ಫೋನ್ ಎತ್ತುವವರಿಗೆ ಕಲಿಸುತ್ತಿದ್ದ ಮೊದಲ ಪಾಠವೇ ಇದು.

ನನಗೆ ಇದರಷ್ಟು ಕಷ್ಟದ ಕೆಲಸ ಜನ್ಮದಲ್ಲಿ ಸಿಕ್ಕಿರಲಿಲ್ಲ. ಅಸ್ಕರ್‌ನವಳು ತನ್ನ ನಾದಿನಿಯ ಕಾಟ ಹೇಳುತ್ತಿದ್ದಾಳೆ, ಉಪಾಯ ನನ್ನ ನಾಲಗೆಯ ತುದಿಯಲ್ಲಿದೆ, ಹೇಳುವಂತಿಲ್ಲ! ಟೀಚರ್‌ಗಾಗಿ ಅವರ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳುವವಳೂ ನಾನೇ. ಟೀಚರ್ ಪ್ರಶ್ನೆಯನ್ನು ಕನ್ನಡಕ್ಕೋ ಹಿಂದಿಗೋ ಮಾಡುವವಳೂ ನಾನೇ. ಅದರಲ್ಲಿ ಸ್ವಲ್ಪ ಸೇರಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ.

ಮೂರನೆಯದೋ ನಾಲ್ಕನೆಯದೋ ಶುಕ್ರವಾರ ಟೀಚರ್ ನನ್ನ ಕೈ ಹಿಡಿದು ನಿಲ್ಲಿಸಿದರು. "ನಾನು ಕೇಳಿದ್ದು ಒಂದು ಸಣ್ಣ ಪ್ರಶ್ನೆ. ನೀನು ಇಷ್ಟು ಹೊತ್ತು ಮಾತಾಡಿದೆ. ಮಿಕ್ಕದ್ದು ಯಾರದು?"

"ಕನ್ನಡದಲ್ಲಿ ಉದ್ದ ಆಗ್ತದೆ ಟೀಚರ್."

ಅಸ್ಕರ್‌ನವಳಿಗೆ ಇಂಗ್ಲಿಷ್ ಸ್ವಲ್ಪ ಗೊತ್ತು. ಅವಳು ಬಿದ್ದು ಬಿದ್ದು ನಕ್ಕಳು. "ಅಕ್ಕ, ನಿಮ್ಮ ಕನ್ನಡ ಮಾತ್ರ ಅಷ್ಟು ಉದ್ದ!"

ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಶುಕ್ರವಾರ ಮಾತ್ರ. ಶನಿವಾರ ಬೆಳಿಗ್ಗೆ ಅವರೆಲ್ಲ ಒಬ್ಬೊಬ್ಬರಾಗಿ ಅಂಗಡಿಗೆ ಬರುತ್ತಿದ್ದರು, ಸಲಹೆಗೆ. ಇದು ಟೀಚರ್‌ಗೂ ಗೊತ್ತಿತ್ತು ಎಂದು ನನ್ನ ಗುಮಾನಿ.

ಅವರ ಬದುಕನ್ನು ನಾನು ತಿಳಿದುಕೊಂಡದ್ದು ತುಂಡು ತುಂಡಾಗಿ. ಬಟ್ಟೆ ಬಿಗಿ ಮಾಡಿಸಲು ಬಂದಾಗ, ಮೆಷಿನ್ ಪಕ್ಕದ ಸ್ಟೂಲಿನಲ್ಲಿ ಕೂತು ಹೇಳುತ್ತಿದ್ದರು. ಸಮುದ್ರದ ನಡುವೆ ಒಂದು ದ್ವೀಪದಲ್ಲಿ ಹುಟ್ಟಿದ್ದು. ತಾಯಿ ಬೂತಾಯಿಯಂಥ ಸಣ್ಣ ಮೀನನ್ನು ಉಪ್ಪು ಹಾಕಿ ಮರದ ಪೀಪಾಯಿಯಲ್ಲಿ ಒತ್ತಿಡುತ್ತಿದ್ದಳು. ಅವಳ ಜೊತೆ ಮೀನು ಒತ್ತಿದ ಕೈಯ ವಾಸನೆ ಹೋಗುತ್ತಿರಲಿಲ್ಲವೆಂದು ಮಗಳು ಶಾಲೆಯಲ್ಲಿ ಕೈ ಎತ್ತಲು ನಾಚುತ್ತಿದ್ದಳು. ಇದನ್ನು ಕೇಳಿ ನಾನು ಮೆಷಿನ್ ನಿಲ್ಲಿಸಿದೆ. ನನಗೂ ಹಾಗೇ ಆಗುತ್ತಿತ್ತು.

ದೊಡ್ಡ ಪಟ್ಟಣಕ್ಕೆ ಹೋಗಿ ಓದಿದರು, ಪಾಠ ಹೇಳಿದರು. ಹೆಂಡತಿಗೆ ಹೊಡೆಯುವುದು ಮನೆಯೊಳಗಿನ ವಿಷಯವಲ್ಲ, ಅಪರಾಧ ಎಂದು ಕಾನೂನು ಬರಬೇಕೆಂದು ವರ್ಷಗಟ್ಟಲೆ ಬಡಿದಾಡಿದರು. ಗಂಡನಿಲ್ಲ, ಮಕ್ಕಳಿಲ್ಲ, ಅದಕ್ಕೇ ಈ ಹುಚ್ಚು ಎಂದು ಜನ ಹೇಳುತ್ತಿದ್ದರಂತೆ. ನಾನೂ ಮೊದಲು ಅದನ್ನೇ ಅಂದುಕೊಂಡಿದ್ದೆ. ಗಂಡನಿದ್ದ ನನಗೆ ಏನು ಉದ್ಧಾರವಾಯಿತು ಎಂದು ಯಾರೂ ಕೇಳಲಿಲ್ಲ, ನಾನೇ ಕೇಳಿಕೊಂಡೆ.

ಸೊಂಟ ಹಿಡಿಸಿದ ಪ್ಯಾಂಟು ಮತ್ತೆ ಸಡಿಲವಾಗಿ ಬರುತ್ತಿತ್ತು. ಮತ್ತೆ ಹಿಡಿಸುತ್ತಿದ್ದೆ. ಒಂದು ದಿನ ಅಳತೆ ಟೇಪು ಕೈಯಲ್ಲಿ ಹಿಡಿದು, "ಟೀಚರ್, ಇನ್ನೂ ಹಿಡಿಸಿದರೆ ಜೇಬು ಹಿಂದಕ್ಕೆ ಹೋಗುತ್ತದೆ, ಹೊಸದೇ ಹೊಲಿಯಬೇಕು. ಡಾಕ್ಟರ್ ಏನು ಹೇಳಿದರು?" ಎಂದೆ. ಶ್ವಾಸಕೋಶದಲ್ಲಿ ಗಡ್ಡೆ, ಅದು ಬೇರೆ ಕಡೆಗೂ ಹೋಗಿದೆ ಎಂದರು. ಔಷಧದಿಂದ ಸ್ವಲ್ಪ ಕಾಲ ತಳ್ಳಬಹುದು, ಅಷ್ಟೇ. ತಮ್ಮನ ಮಗಳಿಗೆ ಗೊತ್ತಿತ್ತು. ನಮಗ್ಯಾರಿಗೂ ಹೇಳಿರಲಿಲ್ಲ.

ಅದರ ನಂತರದ ಶುಕ್ರವಾರ, ಎಲ್ಲರೂ ಕೂತ ಮೇಲೆ ಟೀಚರ್ ಹೇಳಿದರು, "ಇವತ್ತು ನಾನು ಮಾತಾಡುತ್ತೇನೆ."

ಅಷ್ಟು ದಿನ ಅವರು ಕೇಳಿದ್ದೇ ಹೊರತು ಹೇಳಿದ್ದಿಲ್ಲ. ಈಗ ಹೇಳಿದರು. ನಿಧಾನಕ್ಕೆ, ಉಸಿರು ಸಿಕ್ಕಷ್ಟು. ನಾನು ಕನ್ನಡಕ್ಕೆ ಮಾಡಿದೆ, ಒಂದು ಶಬ್ದ ಸೇರಿಸದೆ.

ಅವರಿಗೆ ಇಬ್ಬರು ತಮ್ಮಂದಿರು. ಯುದ್ಧ ಶುರುವಾದಾಗ ಟೀಚರ್ ತಾಯಿಯನ್ನು ದ್ವೀಪದಿಂದ ಪಟ್ಟಣಕ್ಕೆ, ತಾವಿದ್ದ ಮನೆಗೆ ಕರೆಸಿಕೊಂಡಿದ್ದರು. ಕಿರಿಯ ತಮ್ಮ ಸೈನ್ಯಕ್ಕೆ ಸೇರಿ ಸತ್ತ. ಮನೆಯಲ್ಲಿ ಅವನ ಪಟದ ಮುಂದೆ ಮೇಣದಬತ್ತಿ ಉರಿಯುತ್ತಿದ್ದ ಆ ವಾರವೇ ಒಬ್ಬ ಹೆಂಗಸು ಹಸುಗೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಅವಳ ಗಂಡ ಎದುರಾಳಿಗಳ ಸೈನ್ಯದಲ್ಲಿದ್ದ. ಅದು ಗೊತ್ತಾಗಿ ಅಕ್ಕಪಕ್ಕದವರು ಅವಳ ಮನೆಗೆ ಬೆಂಕಿ ಇಟ್ಟಿದ್ದರು. ಟೀಚರ್ ಗೆಳತಿಯರು ನಡೆಸುತ್ತಿದ್ದ ಆಶ್ರಯದ ಮನೆ ತುಂಬಿತ್ತು. ಟೀಚರ್ ಅವಳನ್ನು ತಾವು ಮಲಗುವ ಕೋಣೆಯಲ್ಲಿ ಮಲಗಿಸಿದರು. ಬದುಕಿದ್ದ ತಮ್ಮ ಬಂದು ಕೂಗಾಡಿದ. "ಇವಳನ್ನು ಈಗ ಹೊರಗೆ ಹಾಕು. ಇಲ್ಲದಿದ್ದರೆ ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ." ಟೀಚರ್ ಹೊರಗೆ ಹಾಕಲಿಲ್ಲ. ಅವನು ತಾಯಿಯನ್ನು ಕರೆದುಕೊಂಡು ಹೋದ. ತಾಯಿ ಅವನ ಮನೆಯಲ್ಲೇ ತೀರಿಕೊಂಡಳು. ಮಣ್ಣು ಮಾಡಿದ ಮೇಲೆ ಅಕ್ಕನಿಗೆ ಸುದ್ದಿ ಬಂತು. ಅಂದಿನಿಂದ ಮೂವತ್ತು ವರ್ಷಕ್ಕೂ ಮೇಲಾಯಿತು, ತಮ್ಮ ಅವರ ಜೊತೆ ಮಾತಾಡಿಲ್ಲ. ಅವನ ಮಗಳು ಕಾಲೇಜಿನಲ್ಲಿ ಅತ್ತೆಯ ಪುಸ್ತಕ ಓದಿ, ತಂದೆಗೆ ಹೇಳದೆ ಅವರನ್ನು ಹುಡುಕಿಕೊಂಡು ಬಂದಿದ್ದಳು. ಆ ಮಗಳೇ ಇಲ್ಲಿ ಮೇಲಿನ ಮನೆಯಲ್ಲಿದ್ದವಳು.

ಟೀಚರ್ ನಿಲ್ಲಿಸಿದರು. ಅಸ್ಕರ್‌ನವಳು ಸೆರಗಿನಿಂದ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. ಪ್ರಶ್ನೆ ಯಾರಾದರೂ ಕೇಳಬೇಕಲ್ಲ. ನಾನೇ ಕೇಳಿದೆ.

"ಟೀಚರ್, ನಿಮಗೆ ಏನು ಬೇಕು?"

"ಅವನು ನನ್ನನ್ನು ಚಿಕ್ಕಂದಿನ ಹೆಸರಿನಿಂದ ಕರೆಯುವುದನ್ನು ಕೇಳಬೇಕು. ಒಂದು ಸಲ. ಆ ಹೆಸರು ಗೊತ್ತಿರುವವರಲ್ಲಿ ಉಳಿದಿರುವುದು ಅವನೊಬ್ಬನೇ."

ಇಷ್ಟೇ! ನನಗೆ ಮೈಯಲ್ಲಿ ಬಲ ಬಂದಂತಾಯಿತು. ಗಡ್ಡೆಗೆ ನನ್ನಲ್ಲಿ ಮದ್ದಿಲ್ಲ. ಆದರೆ ಮಾತು ಬಿಟ್ಟ ಅಕ್ಕ-ತಮ್ಮನನ್ನು ಕೂಡಿಸುವುದು ನನ್ನ ಕಸುಬು.

ತಮ್ಮನ ಮಗಳನ್ನು ಅಂಗಡಿಗೆ ಕರೆದೆ. ಮಧ್ಯಾಹ್ನ ಬಾಗಿಲು ಹಾಕಿ ಊಟ ಮಾಡುವ ಹೊತ್ತು. "ನಿನ್ನ ಅಪ್ಪನಿಗೆ ಫೋನ್ ಮಾಡು, ನಾನು ಮಾತಾಡುತ್ತೇನೆ, ನೀನು ಅವರ ಭಾಷೆಗೆ ಮಾಡು" ಎಂದೆ. ಅವಳು ಹೆದರಿದಳು. ಅತ್ತೆ ತನ್ನ ಜೊತೆ ಇದ್ದಾಳೆಂದು ಅಪ್ಪನಿಗೆ ಗೊತ್ತಿತ್ತು, ಆದರೆ ಆ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲವಂತೆ. ಕೊನೆಗೆ ಮಾಡಿದಳು.

"ಯಾರು ಈ ಹೆಂಗಸು?" ಅತ್ತಲಿಂದ ಒರಟು ಗಂಟಲು.

"ಟೈಲರ್."

"ಟೈಲರ್‌ಗೆ ನಮ್ಮ ಮನೆ ವಿಷಯ ಯಾಕೆ?"

"ಹರಿದದ್ದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ ಅಂತ ಹೇಳು" ಎಂದೆ.

"ಆಂಟಿ, ಅಪ್ಪನಿಗೆ ಇಂಥ ಮಾತು ಹಿಡಿಸುವುದಿಲ್ಲ" ಎಂದಳು ಹುಡುಗಿ. "ಅತ್ತೆಗೆ ಹುಷಾರಿಲ್ಲ, ಇನ್ನು ಹೆಚ್ಚು ದಿನ ಇಲ್ಲ ಅಂತ ಮಾತ್ರ ಹೇಳುತ್ತೇನೆ."

ಅವಳು ಹೇಳಿದಳು. ಅತ್ತ ಬಹಳ ಹೊತ್ತು ಸದ್ದಿಲ್ಲ. ನಾನು ಕಾದೆ. ಇದನ್ನು ಓದುವವರು ನೆನಪಿಟ್ಟುಕೊಳ್ಳಿ, ಎದುರಿನವನು ಸುಮ್ಮನಾದಾಗ ನಾವು ಮಾತಾಡಿದರೆ ವ್ಯಾಪಾರ ಕೆಡುತ್ತದೆ. ಆಮೇಲೆ ಅವನು ತನ್ನ ಬೆಲೆ ಹೇಳಿದ. ಅಕ್ಕ ಒಂದು ಮಾತು ಹೇಳಬೇಕು. "ಆವತ್ತು ನಾನು ಅವಳನ್ನು ಹೊರಗೆ ಕಳಿಸಬೇಕಿತ್ತು." ಅಷ್ಟು ಹೇಳಿದರೆ ಮಾತಾಡುತ್ತೇನೆ, ಬೇಕಾದರೆ ವಿಮಾನ ಹತ್ತಿ ಬರುತ್ತೇನೆ.

ಅಗ್ಗದಲ್ಲಿ ಆಯಿತು ಎಂದುಕೊಂಡೆ. ಮೆಟ್ಟಿಲು ಹತ್ತಿ ಟೀಚರ್ ಹತ್ತಿರ ಹೋದೆ. ಅವರು ಕಿಟಕಿಯ ಬಳಿ ಕೂತಿದ್ದರು. ಸಿಗರೇಟು ಬಿಟ್ಟಾಗಿತ್ತು, ಖಾಲಿ ಬೂದಿ ಬಟ್ಟಲು ಮಾತ್ರ ಪಕ್ಕದಲ್ಲಿತ್ತು. ಹೇಳಿದೆ. ಅವರು ಬೇಡವೆಂದು ತಲೆಯಾಡಿಸಿದರು.

"ಯಾಕೆ ಟೀಚರ್? ಒಂದು ಮಾತು. ಗಾಳಿಗೆ ಹೋಗುತ್ತದೆ. ಯಾರಿಗೂ ನಷ್ಟ ಇಲ್ಲ."

"ಅವಳಿಗೆ ನಷ್ಟ."

"ಯಾವ ಅವಳು? ಆ ಹೆಂಗಸಾ? ಅವಳು ಎಲ್ಲಿದ್ದಾಳೋ! ಅವಳ ಕಿವಿಗೆ ಇದು ಬೀಳುತ್ತದಾ?"

"ನಾನು ಅವಳನ್ನು ಹೊರಗೆ ಕಳಿಸಬೇಕಿತ್ತು ಅಂದರೆ, ಈಗ ಕಳಿಸಿದ ಹಾಗೆ. ಕೂಸನ್ನು ಕೂಡ. ಹೊರಗೆ ಬೀದಿಯಲ್ಲಿ ಜನ ನಿಂತಿದ್ದರು. ನೀನು ನೋಡಿಲ್ಲ, ನಾನು ನೋಡಿದ್ದೇನೆ."

"ಮನಸ್ಸಲ್ಲಿ ಒಂದು ಇಟ್ಟುಕೊಂಡು ಬಾಯಲ್ಲಿ ಇನ್ನೊಂದು ಹೇಳಿ. ನಾವೆಲ್ಲ ಹಾಗೇ ಬದುಕಿದ್ದಲ್ವಾ?"

ಅವರು ನನ್ನ ಕೈ ತಟ್ಟಿದರು, ಸಿಟ್ಟಿಲ್ಲದೆ. "ನನ್ನ ತಾಯಿ ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತಿದ್ದಳು. ಆಗಲೇ ಹೇಳಬಹುದಿತ್ತು. ಅವಳಿಗೇ ಹೇಳದ್ದನ್ನು ಈಗ ಇವನಿಗೆ ಹೇಳಲಾ?"

ನಾನು ಕೆಳಗೆ ಬಂದೆ. ಎರಡು ದಿನ ಅಬಾಯಾಗಳ ಅಂಚು ಹೊಲಿಯುತ್ತಾ ಯೋಚಿಸಿದೆ. ಟೀಚರ್ ಬಟ್ಟೆ ಒಣಗಿಸಲು ಬಾಲ್ಕನಿಗೆ ಬಂದರೆ ಉಸಿರಾಟದ ಸದ್ದು ಕೆಳಗಿನ ತನಕ ಕೇಳುತ್ತಿತ್ತು. ಹೊತ್ತು ಇರಲಿಲ್ಲ. ನಮ್ಮ ಕ್ರಮವೇ ಸರಿ ಎಂದು ತೀರ್ಮಾನಿಸಿದೆ. ಹುಡುಗಿಯನ್ನು ಕರೆದು ಹೇಳಿದೆ, "ನಿನ್ನ ಅಪ್ಪನಿಗೆ ಹೇಳು, ಅತ್ತೆ ಆ ಮಾತು ಹೇಳಿದರು ಅಂತ. ನನ್ನ ಎದುರಿಗೆ ಹೇಳಿದರು ಅಂತ."

"ಸುಳ್ಳಲ್ವಾ ಆಂಟಿ?"

"ಸುಳ್ಳಲ್ಲ, ಸೇತುವೆ. ದಾಟಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ."

ಅವಳಿಗೂ ಆಸೆ ಇತ್ತು. ಅಪ್ಪ ಒಂದು ಕಡೆ, ಅತ್ತೆ ಒಂದು ಕಡೆ ಎಂದು ಎಷ್ಟೋ ವರ್ಷ ಹರಿದುಕೊಂಡವಳು. ಹೇಳಿಬಿಟ್ಟಳು. ಅವನು ಕೇಳಿಕೊಂಡ. ಶನಿವಾರ ವಿಡಿಯೋ ಕರೆ ಮಾಡುತ್ತೇನೆ ಎಂದ.

ಟೀಚರ್‌ಗೆ ನಾವು ಹೇಳಿದ್ದು, ನಿಮ್ಮ ತಮ್ಮ ಮನಸ್ಸು ಬದಲಿಸಿದ್ದಾನೆ, ಷರತ್ತು ಬಿಟ್ಟಿದ್ದಾನೆ ಎಂದು. ಅವರು ಬಹಳ ಹೊತ್ತು ನಂಬಲಿಲ್ಲ. ನಂಬಿದ ಮೇಲೆ ನೀಲಿ ಶರ್ಟು ಬೇಕೆಂದರು. ಅದರ ಭುಜ ಇಳಿದುಬಿಟ್ಟಿತ್ತು. ನಾನು ಬಿಚ್ಚಿ, ಒಳಗೆ ಮಡಚಿ ಹೊಲಿದು ಕೊಟ್ಟೆ. ಕೂದಲನ್ನು ಒದ್ದೆ ಮಾಡಿ ಬಾಚಿಕೊಂಡರು. ಹುಡುಗಿಯೊಬ್ಬಳು ತನ್ನನ್ನು ನೋಡಲು ಬರುವ ಗಂಡಿಗೆ ಕಾಯುವಾಗಲೂ ಇಷ್ಟು ಸಲ ಕನ್ನಡಿ ನೋಡುವುದಿಲ್ಲ.

ಫೋನನ್ನು ಪುಸ್ತಕಗಳಿಗೆ ಒರಗಿಸಿ ಇಟ್ಟರು. ತೆರೆಯ ಮೇಲೆ ಬೋಳು ತಲೆಯ, ದಪ್ಪ ಹುಬ್ಬಿನ ಮುದುಕ. ಅವನು ಮೊದಲಿಗೆ ಒಂದು ಶಬ್ದ ಹೇಳಿದ, ಎರಡು ಅಕ್ಷರದ್ದು. ಟೀಚರ್ ಎದೆಯ ಮೇಲೆ ಕೈ ಇಟ್ಟುಕೊಂಡರು. ಹುಡುಗಿ ನನಗೆ ಸನ್ನೆ ಮಾಡಿದಳು, ಅದೇ ಹೆಸರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ.

ಮಾತು ಶುರುವಾಯಿತು. ಹುಡುಗಿ ನನ್ನ ಕಿವಿಯಲ್ಲಿ ಹೇಳುತ್ತಿದ್ದಳು. ಮನೆಯ ಹಿಂದಿನ ಅಂಜೂರದ ಮರ ಇದೆಯಾ? ಇದೆ, ಅರ್ಧ ಒಣಗಿದೆ. ದೋಣಿ? ಮಾರಿದೆ. ನಿನ್ನ ಮೊಣಕಾಲು? ಹಾಗೇ ಇದೆ. ಅವನು ನಕ್ಕ. ಟೀಚರ್ ಕೆಮ್ಮುತ್ತಾ ನಕ್ಕರು. ನಾನು ಒಳಗೆ ಹೋಗಿ ಚಹಾ ಮಾಡಿ ತಂದು ಟೀಚರ್ ಮುಂದೆ ಇಟ್ಟೆ. ನನ್ನ ಲೆಕ್ಕದಲ್ಲಿ ರಾಜಿ ಮುಗಿದಿತ್ತು.

ಆಗ ಅವನು ಏನೋ ಕೇಳಿದ. ಹುಡುಗಿ ನನ್ನ ತೋಳು ಹಿಡಿದುಕೊಂಡಳು.

"ಏನಂತೆ?"

"ಆ ಮಾತು ನೀನು ಹೇಳಿದ್ದು ನಿಜವಾ ಅಂತ ಅತ್ತೆಯನ್ನು ಕೇಳುತ್ತಿದ್ದಾನೆ."

ಹೀಗೂ ಮಾಡುತ್ತಾರೆಯೇ ಜನ! ನಗುನಗುತ್ತಾ ಮಾತಾಡುತ್ತಿರುವಾಗ ಬಾಯಿಬಿಟ್ಟು ಕೇಳಿಬಿಡುವುದೇ! ನಮ್ಮ ಕಡೆಯವರಾಗಿದ್ದರೆ ಅನುಮಾನ ಇದ್ದರೂ ಚಹಾ ಜೊತೆ ನುಂಗಿಕೊಳ್ಳುತ್ತಿದ್ದರು.

ಟೀಚರ್ ತಿರುಗಿ ನಮ್ಮಿಬ್ಬರನ್ನು ನೋಡಿದರು. ಅವರಿಗೆ ಎಲ್ಲ ಗೊತ್ತಾಯಿತು. ನಾನು ಕೈಮುಗಿದೆ, ನಿಜವಾಗಿ ಕೈಮುಗಿದೆ, ತಮ್ಮನಿಗೆ ಕಾಣದ ಹಾಗೆ ಫೋನಿನ ಹಿಂದೆ ನಿಂತು. ಅವರು ಮತ್ತೆ ತೆರೆಯ ಕಡೆ ತಿರುಗಿದರು. ಒಂದೇ ಶಬ್ದ ಹೇಳಿದರು. ಅದು ಇಲ್ಲ ಎನ್ನುವುದಕ್ಕೆ ಅವರ ಭಾಷೆಯ ಶಬ್ದ ಎಂದು ತಿಳಿಯಲು ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಆಮೇಲೆ ಇನ್ನೂ ಏನೋ ಹೇಳಲು ಹೋದರು. ಅಷ್ಟರಲ್ಲಿ ಅತ್ತ ಕರೆ ಕಡಿದುಹೋಗಿತ್ತು.

ಹುಡುಗಿ ಅಳುತ್ತಾ ಸ್ನಾನದ ಮನೆಗೆ ಹೋದಳು. ನಾನು ನಿಂತೇ ಇದ್ದೆ.

"ಯಾರ ಕೆಲಸ?" ಎಂದರು ಟೀಚರ್.

"ನಂದು."

"ನಿನ್ನ ಅನುವಾದ ಯಾವಾಗಲೂ ಉದ್ದ."

ನನಗೆ ದುಃಖ, ಸಿಟ್ಟು ಎರಡೂ ಒಟ್ಟಿಗೆ ಬಂತು. "ಹೌದು ಅನ್ನುವುದೂ ಬೇಡವಾಗಿತ್ತು ಟೀಚರ್. ಸುಮ್ಮನಿದ್ದರೆ ಸಾಕಿತ್ತು. ಕೆಮ್ಮು ಬಂದ ಹಾಗೆ ಮಾಡಿ ಮುಖ ತಿರುಗಿಸಿದ್ದರೂ ನಡೆಯುತ್ತಿತ್ತು."

"ಕೆಮ್ಮು ಬಂದಿತ್ತು" ಎಂದರು ಅವರು. "ತಡೆದುಕೊಂಡೆ."

ಆಮೇಲೆ ತಡೆಹಿಡಿದ ಕೆಮ್ಮೆಲ್ಲ ಬಂತು. ಬೆನ್ನು ನೀವುತ್ತಾ ಕೂತೆ. ಬೆನ್ನಿನ ಮೂಳೆಗಳು ಶರ್ಟಿನ ಮೇಲಿಂದಲೇ ಕೈಗೆ ಸಿಗುತ್ತಿದ್ದವು. ಮೇಜಿನ ಮೇಲೆ ಚಹಾ ಆರಿ, ಮೇಲೆ ಕೆನೆ ಕಟ್ಟಿತು.

ಅವರು ನನ್ನ ಮೇಲೆ ಕೋಪ ಮಾಡಿಕೊಂಡರೇ ಎಂದು ಬಹಳ ಜನ ಕೇಳಿದ್ದಾರೆ. ಇಲ್ಲ. ಮರುದಿನ ಅಂಗಡಿಗೆ ಇಳಿದು ಬರಲು ಹೋಗಿ, ಅರ್ಧ ಮೆಟ್ಟಿಲಲ್ಲಿ ಕೂತುಬಿಟ್ಟಿದ್ದರು. ನಾನೇ ಮೇಲೆ ಹೋಗಲು ಶುರು ಮಾಡಿದೆ. ಮತ್ತೆ ಒಂದು ಸಲ ಫೋನ್ ಮಾಡಿ ನೋಡೋಣವೇ, ಬೆಲೆ ಇಳಿಸಿಯಾನು ಎಂದು ಕೇಳಿದ್ದಕ್ಕೆ, "ಅವನೂ ನನ್ನ ತಾಯಿಯ ಮಗನೇ. ಇಳಿಸುವುದಿಲ್ಲ" ಎಂದರು. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಎಂದು ನನಗೆ ಅನಿಸಿತು.

ಬೇಸಗೆ ಏರುವ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದೆವು. ನಮ್ಮವರು ಒಬ್ಬರಾದ ಮೇಲೆ ಒಬ್ಬರು ಹೋಗಿ ಕೂತರು. ಅಸ್ಕರ್‌ನವಳು ಗಂಜಿ ತರುತ್ತಿದ್ದಳು. ಟೀಚರ್ ಎರಡು ಚಮಚ ತಿಂದು, "ನಿನಗೆ ಏನು ಬೇಕು?" ಎಂದು ಅವಳನ್ನೇ ಕೇಳುತ್ತಿದ್ದರಂತೆ. ಕೊನೆಯ ದಿನಗಳಲ್ಲಿ ಇಂಗ್ಲಿಷ್ ಬಿಟ್ಟುಹೋಯಿತು. ತಮ್ಮ ಭಾಷೆಯಲ್ಲಿ ಮಾತ್ರ ಮಾತಾಡಿದರು. ಅರ್ಥವಾಗದಿದ್ದರೂ ನಾವು ಕೇಳುತ್ತಾ ಕೂತೆವು. ಅಷ್ಟು ನಮಗೆ ಅವರೇ ಕಲಿಸಿದ್ದರು. ಒಂದು ಬೆಳಿಗ್ಗೆ, ಕಥೊಲಿಕ ಹೆಂಗಸು ಪಕ್ಕದಲ್ಲಿ ಜಪಸರ ಹಿಡಿದು ಕೂತಿದ್ದಾಗ, ಹೋಗಿಬಿಟ್ಟರು.

ಗಲ್ಫಿನಲ್ಲಿ ಇರುವವರಿಗೆ ಒಂದು ಮಾತು. ಯಾರಾದರೂ ತೀರಿಕೊಂಡರೆ ಕಾಗದಪತ್ರಕ್ಕೆ ಹತ್ತು ಜನ ಹತ್ತು ಕಡೆ ಓಡಬೇಡಿ. ತಿಳಿದವರೊಬ್ಬರನ್ನು ಹಿಡಿದು ಅವರ ಹಿಂದೆ ನಿಲ್ಲಿ. ನಾನು ಹಾಗೇ ಮಾಡಿದೆ. ಮಂಗಳೂರಿನವರೊಬ್ಬರು ಬಂದು ಎಲ್ಲ ಮಾಡಿಕೊಟ್ಟರು. ನೀಲಿ ಶರ್ಟು ಹಾಕಿಸಿ ಟೀಚರನ್ನು ಅವರ ಊರಿಗೆ ಕಳಿಸಿದೆವು. ಹುಡುಗಿ ಜೊತೆಗೆ ಹೋದಳು. ದ್ವೀಪದಲ್ಲಿ ತಾಯಿಯ ಪಕ್ಕದ ಜಾಗಕ್ಕೆ ತಮ್ಮ ಒಪ್ಪಲಿಲ್ಲ. ಪಟ್ಟಣದ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವನು ಬರಲಿಲ್ಲ.

ಹುಡುಗಿ ಹಿಂದಿರುಗಿದ ಮೇಲೆ ಮನೆ ಖಾಲಿ ಮಾಡಲು ನಾನು ಮೇಲೆ ಹೋದೆ. ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆವು. ಅವಳ ಫೋನ್ ರಿಂಗಾಯಿತು. ನೋಡಿ, "ಅಪ್ಪ" ಎಂದಳು. ಎತ್ತಿ ಸ್ವಲ್ಪ ಮಾತಾಡಿ ನನ್ನ ಕಡೆ ನೋಡಿದಳು. "ಟೈಲರ್ ಇದ್ದಾಳಾ ಅಂತ ಕೇಳುತ್ತಿದ್ದಾನೆ."

ಸ್ಪೀಕರ್ ಹಾಕಿದಳು. ಅವನ ಮಾತನ್ನು ಅವಳು ಹೇಳಿದಳು. "ಮೊದಲು ನೀನು ಹೇಳಿದ್ದೆಯಲ್ಲ, ಅವಳು ಆ ಮಾತು ಹೇಳಿದಳು ಅಂತ. ಸ್ವಲ್ಪವಾದರೂ ನಿಜ ಇತ್ತಾ? ನಾನು ಕೇಳಿದಾಗ ಹಟಕ್ಕೆ ಇಲ್ಲ ಅಂದಳಾ? ಆಮೇಲಾದರೂ ಹೇಳಿದಳಾ, ಆಸ್ಪತ್ರೆಯಲ್ಲಿ?"

ಈಗ ಅವನೇ ಕೇಳಿ ಬೇಡುತ್ತಿದ್ದ. ಹೌದು ಎಂದರೆ ಮುಗಿಯಿತು, ಅವನಿಗೆ ನಿದ್ದೆ ಬರುತ್ತದೆ. ಇಲ್ಲ ಎನ್ನುವವರು ಯಾರೂ ಉಳಿದಿಲ್ಲ. ನನ್ನ ಬಾಯಿಗೆ ಅಷ್ಟು ಸುಲಭದ ಮಾತು ಬೇರೆ ಇಲ್ಲ. ಅದು ಬ್ಯಾಗಿನಲ್ಲಿ ಚಿಲ್ಲರೆ ಇದ್ದ ಹಾಗೆ, ಕೈ ಹಾಕಿದರೆ ಸಿಗುತ್ತದೆ. ಆದರೆ ಬೀದಿಯಲ್ಲಿ ನಿಂತ ಜನ, ಕೂಸು ಎತ್ತಿಕೊಂಡ ಹೆಂಗಸು, ಬಾಗಿಲಲ್ಲಿ ತಿರುಗಿ ನಿಂತ ತಾಯಿ ನನ್ನ ಕಣ್ಣ ಮುಂದೆ ಬಂದರು. ಅವರಲ್ಲಿ ಯಾರನ್ನೂ ನಾನು ಕಂಡವಳಲ್ಲ.

"ಇಲ್ಲ" ಎಂದೆ. "ಹೇಳಲಿಲ್ಲ."

"ಒಂದು ಸಲವೂ?"

"ಒಂದು ಸಲವೂ ಇಲ್ಲ."

ಅವನು ಫೋನ್ ಇಡಲಿಲ್ಲ. ಅತ್ತ ಗಾಳಿಯ ಸದ್ದು ಕೇಳುತ್ತಿತ್ತು. ಬಹುಶಃ ಸಮುದ್ರದ ಹತ್ತಿರ ಎಲ್ಲೋ ನಿಂತಿದ್ದ. ಆಮೇಲೆ ಕೇಳಿದ, "ಹಾಗಾದರೆ ಅವಳಿಗೆ ಏನು ಬೇಕಿತ್ತು?"

"ನೀವು ಆ ಚಿಕ್ಕಂದಿನ ಹೆಸರಿನಿಂದ ಕರೆಯುವುದು ಬೇಕಿತ್ತು. ಬೇರೆ ಏನೂ ಅಲ್ಲ."

ಹುಡುಗಿ ಅದನ್ನು ಅವನಿಗೆ ಹೇಳಿದಳು. ಅವನು ತಡವರಿಸಿ ಏನೋ ಅಂದ.

"ಕರೆದಿದ್ದೆನಲ್ಲ ಅನ್ನುತ್ತಾನೆ. ಆವತ್ತು, ಮೊದಲಿಗೆ."

"ಹೌದು, ಕರೆದಿರಿ" ಎಂದೆ. "ಅವರಿಗೆ ಕೇಳಿಸಿತು. ನಾನು ಅಲ್ಲೇ ಇದ್ದೆ. ಎದೆಯ ಮೇಲೆ ಕೈ ಇಟ್ಟುಕೊಂಡರು."

ಅವನು ಇನ್ನೊಂದು ಸಲ ಹೇಳು ಎಂದ. ನಾನು ಇನ್ನೊಂದು ಸಲ ಹೇಳಿದೆ.